ನನ್ನ ವೋಟು ಎಲ್ಲಿಗೆ ಹೋಯ್ತು?

2019ರ ಜುಲೈ ತಿಂಗಳು. ವಿಧಾನಸಭೆಯಲ್ಲಿ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಎಳೆದಾಡ್ತಾ ಇತ್ತು. ನಾವು ಸ್ಟುಡಿಯೋದಲ್ಲಿ ಕೂತು ತಲೆ ಎಣಿಸ್ತಾ ಇದ್ವಿ. ನನ್ನ ಹಿಂದಿನ ಗೋಡೆ ಮೇಲೆ ದೊಡ್ಡ ದೊಡ್ಡ ಅಂಕಿ. ಇವರ ಕಡೆ ಇಷ್ಟು, ಅವರ ಕಡೆ ಇಷ್ಟು, ಮುಂಬೈ ಹೋಟೆಲಿನಲ್ಲಿ ಇಷ್ಟು. ನಡುವೆ ವೀಕ್ಷಕರ ಕರೆ ತಗೊಂಡೆ. ಹಳೇ ಮೈಸೂರು ಕಡೆಯ ಹಳ್ಳಿಯಿಂದ ಯಜಮಾನರೊಬ್ಬರು ಲೈನ್‌ನಲ್ಲಿದ್ದರು.

"ಸಾರ್, ನಾನು ಇಂದಿರಮ್ಮನ ಕಾಲದಿಂದ ವೋಟ್ ಹಾಕ್ಕೊಂಡ್ ಬಂದಿವ್ನಿ. ಒಂದ್ ಸಲಾನೂ ತಪ್ಪಿಸಿಲ್ಲ. ಹೋದ್ ವರ್ಸ ಒಂದು ಗುರ್ತು ನೋಡಿ ಬಟನ್ ಒತ್ತುದೆ. ಈಗ ನಮ್ಮ ಎಮ್ಮೆಲ್ಲೆ ಆ ಕಡೀಕ್ ಹೊಂಟೋಗವ್ನೆ. ಹಂಗಾರೆ ನನ್ನ ವೋಟು ಎಲ್ಲಿಗ್ ಹೋಯ್ತು?"

"ಒಳ್ಳೆ ಪ್ರಶ್ನೆ ಯಜಮಾನ್ರೇ, ಒಂದು ಬ್ರೇಕ್ ಆದ್ಮೇಲೆ ಉತ್ತರ ಕೊಡ್ತೀನಿ" ಅಂದೆ. ಬ್ರೇಕ್ ಮುಗಿಯೋ ಹೊತ್ತಿಗೆ ವಿಧಾನಸೌಧದಿಂದ ಲೈವ್ ಬಂತು. ಉತ್ತರ ಕೊಡಲೇ ಇಲ್ಲ. ನಿಜ ಹೇಳ್ಬೇಕು ಅಂದ್ರೆ, ಅವತ್ತು ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಆ ಸಾಲ ಇವತ್ತು ತೀರಿಸ್ತೀನಿ.

ಮೊದಲು ವೋಟಿನ ದಾರಿ ಹಿಡಿದು ಹೋಗೋಣ. ಬೂತಿಗೆ ಹೋಗ್ತೀರಿ. ಎಡಗೈ ತೋರುಬೆರಳಿಗೆ ಮೈಸೂರಲ್ಲಿ ತಯಾರಾದ ಶಾಯಿ ಹಚ್ತಾರೆ. ಬಟನ್ ಒತ್ತುತ್ತೀರಿ. ಪಕ್ಕದ ಡಬ್ಬಿಯ ಗಾಜಿನೊಳಗೆ ಒಂದು ಚೀಟಿ ಏಳು ಸೆಕೆಂಡ್ ಕಾಣುತ್ತೆ, ಕೆಳಗೆ ಬೀಳುತ್ತೆ. ಅಷ್ಟು ಹೊತ್ತಿಗೆ ನೀವು ಯಾರನ್ನು ಆರಿಸಿದ್ರಿ? ಮುಖ್ಯಮಂತ್ರಿಯನ್ನಾ? ಅಲ್ಲ. ಸರ್ಕಾರವನ್ನಾ? ಅದೂ ಅಲ್ಲ. ನಿಮ್ಮ ಕ್ಷೇತ್ರಕ್ಕೆ ಒಬ್ಬ ಶಾಸಕನನ್ನ. ಅಷ್ಟೇ. ಹೀಗೆ 224 ಕ್ಷೇತ್ರದಿಂದ 224 ಜನ ಹೋಗ್ತಾರೆ. ಅವರಲ್ಲಿ ಕನಿಷ್ಠ 113 ಜನ ಯಾರ ಹಿಂದೆ ನಿಲ್ತಾರೋ ಅವರದ್ದು ಸರ್ಕಾರ. ಅಂದ್ರೆ ನಿಮ್ಮ ವೋಟು ನೇರವಾಗಿ ವಿಧಾನಸೌಧದ ಮೂರನೇ ಮಹಡಿಗೆ ಹೋಗಲ್ಲ. ಒಬ್ಬ ಮನುಷ್ಯನ ಜೇಬಿನಲ್ಲಿ ಕೂತ್ಕೊಂಡು ಹೋಗುತ್ತೆ. ಆ ಮನುಷ್ಯ ಎತ್ತ ಹೋದ್ರೆ ಅದೂ ಅತ್ತ.

ಲೆಕ್ಕದಲ್ಲಿ ಇನ್ನೊಂದು ತಿರುವಿದೆ. 2018ರಲ್ಲಿ ಕಾಂಗ್ರೆಸ್ಸಿಗೆ ರಾಜ್ಯದ ಸುಮಾರು 38 ಶೇಕಡಾ ವೋಟು ಬಂತು. ಬಿಜೆಪಿಗೆ ಸುಮಾರು 36. ಆದರೆ ಸೀಟು? ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80. ಮೋಸ ಏನೂ ನಡೆದಿಲ್ಲ. ನಮ್ಮ ಪದ್ಧತಿಯೇ ಹಾಗೆ. ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಒಂದು ವೋಟು ಜಾಸ್ತಿ ಬಂದವನು ಗೆದ್ದ. ಅವನಿಗೆ ಅರ್ಧಕ್ಕಿಂತ ಹೆಚ್ಚು ಜನ ಹಾಕಿರಬೇಕು ಅಂತೇನಿಲ್ಲ. ಒಂದು ಪಕ್ಷದ ವೋಟು ರಾಜ್ಯದ ತುಂಬ ತೆಳ್ಳಗೆ ಹರಡಿದ್ರೆ ಶೇಕಡಾವಾರು ದೊಡ್ಡದಾಗುತ್ತೆ, ಸೀಟು ಕೈಗೆ ಹತ್ತಲ್ಲ. ಕೆಲವು ಜಿಲ್ಲೆಗಳಲ್ಲಿ ದಟ್ಟವಾಗಿ ಬಿದ್ರೆ ಸೀಟು ಸಾಲುಸಾಲಾಗಿ ಬರುತ್ತೆ.

ಹಂಗಾದ್ರೆ ಒಂದು ವೋಟಿಗೆ ಬೆಲೆ ಇಲ್ವಾ ಅಂತ ಕೇಳ್ಬೇಡಿ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ವೋಟು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ಅವತ್ತು ಆ ಕ್ಷೇತ್ರದಲ್ಲಿ "ನಾನೊಬ್ಬ ಹೋಗದಿದ್ರೆ ಏನ್ ಮಹಾ" ಅಂತ ಜಗಲಿ ಮೇಲೆ ಕೂತವರು ಎಷ್ಟು ಜನ ಇದ್ರೋ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಪ್ರವಾಸ ಮುಂದೂಡಿದ್ದರೆ ಫಲಿತಾಂಶ ಬೇರೆ ಆಗ್ತಿತ್ತೇನೋ.

ಇನ್ನು ಸರ್ಕಾರ ಬದಲಾಗೋ ವಿಷಯಕ್ಕೆ ಬರೋಣ. ಸರ್ಕಾರ ಬದಲಾಗೋದು ಎರಡು ಥರ. ಒಂದು, ನಾವು ಬದಲಾಯಿಸೋದು. ಇನ್ನೊಂದು, ಅವರೇ ಬದಲಾಯಿಸ್ಕೊಳ್ಳೋದು.

ಮೊದಲನೇ ಥರದ್ದರಲ್ಲಿ ಕನ್ನಡಿಗ ಮತದಾರ ಯಾರಿಗೂ ಕಡಿಮೆ ಇಲ್ಲ ಸ್ವಾಮಿ. 1977ರಲ್ಲಿ ತುರ್ತುಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತ ಇಂದಿರಾ ಗಾಂಧಿಯವರ ಪಕ್ಷವನ್ನ ಗುಡಿಸಿ ಹಾಕಿತು. ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಅವರಿಗೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರಿನಿಂದ ಅವರನ್ನೇ ಲೋಕಸಭೆಗೆ ಕಳಿಸಿತು. ಓ, ಇದು ಕಾಂಗ್ರೆಸ್ಸಿನ ಕೋಟೆ ಅಂತ ದೆಹಲಿಯವರು ಷರಾ ಬರೆದರು. 1983ರ ಜನವರಿಯಲ್ಲಿ ಅದೇ ಜನ ಕಾಂಗ್ರೆಸ್ಸನ್ನ 82ಕ್ಕೆ ಇಳಿಸಿದರು. ಜನತಾ ರಂಗಕ್ಕೆ 95 ಬಂತು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು.

ಅದರ ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸೀಟು ಕಾಂಗ್ರೆಸ್ಸಿಗೆ ಕೊಟ್ಟಿತು. ಜನತಾ ಪಕ್ಷಕ್ಕೆ ಬರೀ ನಾಲ್ಕು. ಹೆಗಡೆಯವರು ಏನು ಮಾಡಿದರು? "ಜನಾದೇಶ ನನ್ನ ಕಡೆ ಇಲ್ಲ" ಅಂತ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ವಿಧಾನಸಭಾ ಚುನಾವಣೆ. ಜನತಾ ಪಕ್ಷಕ್ಕೆ 139 ಸೀಟು! ಮಧ್ಯೆ ಕಳೆದದ್ದು ಎರಡೂವರೆ ತಿಂಗಳು. ಊರು ಅದೇ, ಬೂತು ಅದೇ, ಬೆರಳು ಅದೇ. ಶಾಯಿ ಪೂರ್ತಿ ಮಾಸಿತ್ತೋ ಇಲ್ವೋ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಬೇರೆ ಬೇರೆ ಎಣಿಸಿ ಹಾಕಿದ ವೋಟು ಅದು. ಹಳ್ಳಿಯವರಿಗೆ ಏನು ಗೊತ್ತಾಗುತ್ತೆ ಅನ್ನೋರಿಗೆ ನಾನು ಯಾವಾಗಲೂ ಈ 1985ನ್ನ ತೋರಿಸ್ತೀನಿ.

ಅಲ್ಲಿಂದ ಈಚೆಗೆ ನಮ್ಮಲ್ಲೊಂದು ರೂಢಿ ಬಿದ್ದಿದೆ. 1985ರ ನಂತರ ಅಧಿಕಾರದಲ್ಲಿದ್ದ ಯಾವ ಪಕ್ಷಕ್ಕೂ ಕರ್ನಾಟಕ ಮರುಚುನಾವಣೆಯಲ್ಲಿ ಬಹುಮತ ಕೊಟ್ಟಿಲ್ಲ. 1989ರಲ್ಲಿ ಕಾಂಗ್ರೆಸ್ಸಿಗೆ 178, 1994ರಲ್ಲಿ ಅದೇ ಕಾಂಗ್ರೆಸ್ಸಿಗೆ 34. 2008ರಲ್ಲಿ ಬಿಜೆಪಿಗೆ 110, 2013ರಲ್ಲಿ ಕಾಂಗ್ರೆಸ್ಸಿಗೆ 122. 2023ರಲ್ಲಿ ಕಾಂಗ್ರೆಸ್ಸಿಗೆ 135, ಬಿಜೆಪಿಗೆ 66. ಪ್ರತಿ ಸಲವೂ ಸೋತ ಮುಖ್ಯಮಂತ್ರಿ ಕಾರು ಹತ್ತಿ ರಾಜಭವನಕ್ಕೆ ಹೋಗಿ ಒಂದು ಕಾಗದ ಕೊಟ್ಟು ಬರ್ತಾರೆ. ಗುಂಡು ಹಾರಲ್ಲ, ಸೇನೆ ಬೀದಿಗೆ ಬರಲ್ಲ. ಮಾರನೇ ದಿನ ಹಾಲು, ಪೇಪರು, ಬಸ್ಸು ಎಲ್ಲ ಟೈಮಿಗೆ ಸರಿಯಾಗಿ. ನಮಗೆ ಇದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ, ಇದೊಂದು ದೊಡ್ಡ ಸಾಧನೆ ಅಂತಾನೇ ಅನ್ನಿಸಲ್ಲ. ಅಕ್ಕಪಕ್ಕದ ಕೆಲವು ದೇಶಗಳ ಚರಿತ್ರೆ ತೆಗೆದು ನೋಡಿ, ಆಗ ಗೊತ್ತಾಗುತ್ತೆ.

ಯಜಮಾನರ ಪ್ರಶ್ನೆ ಹುಟ್ಟಿದ್ದು ಎರಡನೇ ಥರದ ಬದಲಾವಣೆಯಿಂದ. ಚುನಾವಣೆ ಇಲ್ಲ, ಪ್ರಚಾರ ಇಲ್ಲ, ನಾವು ಬೂತಿಗೆ ಹೋಗಿಲ್ಲ. ಬೆಳಗ್ಗೆ ಎದ್ದು ಟಿವಿ ಹಾಕಿದ್ರೆ ಸರ್ಕಾರ ಬೇರೆ. 1989ರಿಂದ 1994ರವರೆಗೆ ನಾವು ಚುನಾಯಿಸಿದ್ದು ಒಂದೇ ವಿಧಾನಸಭೆ, ಮುಖ್ಯಮಂತ್ರಿಗಳು ಮೂವರು: ವೀರೇಂದ್ರ ಪಾಟೀಲ್, ಬಂಗಾರಪ್ಪ, ವೀರಪ್ಪ ಮೊಯಿಲಿ. 2004ರ ವಿಧಾನಸಭೆಯಲ್ಲೂ ಮೂವರು. 2008ರದ್ದರಲ್ಲೂ ಮೂವರು. 2018ರ ವಿಧಾನಸಭೆಯಂತೂ ನಾಲ್ಕು ಪ್ರಮಾಣವಚನ ನೋಡಿತು.

ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದರು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು. ಪಕ್ಷ ಅದೇ, ಶಾಸಕರು ಅವರೇ, ನಾಯಕ ಮಾತ್ರ ಬೇರೆ. ಇಲ್ಲಿ ಮತದಾರನಿಗೆ ಮೋಸ ಆಗಿಲ್ಲ. 2006ರಲ್ಲಿ ಜೆಡಿಎಸ್ ಶಾಸಕರು ಕಾಂಗ್ರೆಸ್ಸಿನ ಕೈ ಬಿಟ್ಟು ಬಿಜೆಪಿ ಜೊತೆ ಸೇರಿ ಸರ್ಕಾರ ಮಾಡಿದರು. ಇಲ್ಲಿ ಮತದಾರನನ್ನ ಕೇಳದೆ ಮದುವೆ ಮುರಿದು ಬೇರೆ ಮದುವೆ ಆಯ್ತು. ಒಪ್ಪೋದು ಬಿಡೋದು ನಿಮಗೆ ಬಿಟ್ಟದ್ದು, ಆದರೆ ಅದು ಪಕ್ಷದ ಗುಂಪಾಗಿ ಎಲ್ಲರೆದುರು ನಡೆದದ್ದು. ಮೂರನೇದೇ ಅಸಲಿ ರೋಗ. ಒಂದು ಪಕ್ಷದ ಚಿಹ್ನೆ ಮೇಲೆ ಗೆದ್ದ ಶಾಸಕ ಒಬ್ಬೊಬ್ಬನೇ ಎದ್ದು ಹೋಗಿ ಆ ಕಡೆ ಕೂರೋದು.

ಈ ರೋಗಕ್ಕೆ ಹೆಸರು ಕೊಟ್ಟದ್ದು ಹರಿಯಾಣ. 1967ರಲ್ಲಿ ಗಯಾ ಲಾಲ್ ಅನ್ನೋ ಶಾಸಕರು ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಅಲ್ಲಿಂದ 'ಆಯಾ ರಾಮ್ ಗಯಾ ರಾಮ್' ಅನ್ನೋ ಮಾತು ದೇಶದ ಬಾಯಿಗೆ ಬಂತು. ಔಷಧಿ ಬರೋಕೆ ಹದಿನೆಂಟು ವರ್ಷ ಬೇಕಾಯ್ತು. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿದರು. ಇದೇ ಪಕ್ಷಾಂತರ ನಿಷೇಧ ಕಾಯ್ದೆ. ತನ್ನ ಪಕ್ಷ ತಾನಾಗಿ ಬಿಟ್ಟರೆ, ಅಥವಾ ವಿಪ್ ಮೀರಿ ವೋಟು ಹಾಕಿದರೆ ಶಾಸಕತ್ವ ಹೋಗುತ್ತೆ. ತೀರ್ಮಾನ ಮಾಡೋರು ಸ್ಪೀಕರ್. ಆದರೆ ಪಕ್ಷದ ಮೂರನೇ ಒಂದು ಭಾಗ ಒಟ್ಟಿಗೆ ಒಡೆದು ಹೋದರೆ ತಪ್ಪಿಲ್ಲ ಅಂತ ಒಂದು ಕಿಟಕಿ ಬಿಟ್ಟರು. ಚಿಲ್ಲರೆಯಾಗಿ ಹೋದ್ರೆ ಅಪರಾಧ, ಸಗಟಾಗಿ ಹೋದ್ರೆ ಓಕೆ! 2003ರಲ್ಲಿ 91ನೇ ತಿದ್ದುಪಡಿ ಆ ಕಿಟಕಿ ಮುಚ್ಚಿತು. ಈಗ ಮೂರನೇ ಎರಡು ಭಾಗ ಶಾಸಕರು ಒಪ್ಪಿ ಇನ್ನೊಂದು ಪಕ್ಷದಲ್ಲಿ ವಿಲೀನ ಆದರೆ ಮಾತ್ರ ವಿನಾಯಿತಿ. ಮಂತ್ರಿ ಪದವಿಯ ಆಸೆ ತೋರಿಸಿ ಸೆಳೆಯೋದು ನಿಲ್ಲಲಿ ಅಂತ ಮಂತ್ರಿಗಳ ಸಂಖ್ಯೆಯನ್ನೂ ಸದನದ 15 ಶೇಕಡಾಕ್ಕೆ ಮಿತಿ ಮಾಡಿದರು. ಅದಕ್ಕೇ ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34 ಜನ, ಅದಕ್ಕಿಂತ ಒಬ್ಬರೂ ಜಾಸ್ತಿ ಇಲ್ಲ.

ಕಿಟಕಿ ಮುಚ್ಚಿದರೇನಂತೆ, ಮುಂಬಾಗಿಲು ತೆರೆದೇ ಇತ್ತಲ್ಲ. ಆ ಬಾಗಿಲಿನ ಹೆಸರು ರಾಜೀನಾಮೆ. ಪಕ್ಷ ಬಿಟ್ಟರೆ ತಾನೆ ಅನರ್ಹತೆ? ಶಾಸಕ ಸ್ಥಾನವನ್ನೇ ಬಿಟ್ಟರೆ? ಸದನದ ಬಲ ಕುಗ್ಗುತ್ತೆ, ಬಹುಮತದ ಗೆರೆ ಕೆಳಗಿಳಿಯುತ್ತೆ, ಎದುರಿನ ಪಕ್ಷ ಸರ್ಕಾರ ಮಾಡುತ್ತೆ. ಆಮೇಲೆ ಉಪಚುನಾವಣೆಯಲ್ಲಿ ಹೊಸ ಚಿಹ್ನೆ ಹಿಡ್ಕೊಂಡು ಬಂದ್ರಾಯ್ತು. 2008ರಲ್ಲಿ 110ಕ್ಕೆ ನಿಂತಿದ್ದ ಬಿಜೆಪಿ ಈ ದಾರಿ ಹಿಡಿಯಿತು. ಅದಕ್ಕೆ 'ಆಪರೇಷನ್ ಕಮಲ' ಅನ್ನೋ ಹೆಸರೂ ಬಂತು. 2019ರಲ್ಲಿ ಮತ್ತೆ ಅದೇ. ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದ ಶಾಸಕರು ರಾಜೀನಾಮೆ ಬರೆದರು, ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು.

ಆಗ ಸ್ಪೀಕರ್ ಆಗಿದ್ದ ರಮೇಶ್ ಕುಮಾರ್ 17 ಜನರನ್ನ ಅನರ್ಹ ಮಾಡಿದರು, ಆ ವಿಧಾನಸಭೆಯ ಅವಧಿ ಮುಗಿಯೋವರೆಗೂ ಸ್ಪರ್ಧಿಸುವ ಹಾಗಿಲ್ಲ ಅಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅರ್ಧ ಒಪ್ಪಿತು, ಅರ್ಧ ಒಪ್ಪಲಿಲ್ಲ. ಅನರ್ಹತೆ ಸರಿ, ಆದರೆ ಚುನಾವಣೆಗೇ ನಿಲ್ಲಬೇಡಿ ಅನ್ನೋ ಅಧಿಕಾರ ಸ್ಪೀಕರಿಗೆ ಇಲ್ಲ ಅಂದಿತು. ಅಂದ್ರೆ ಕಡೇ ತೀರ್ಪು ಯಾರ ಕೈಗೆ ಬಂತು? ಮತದಾರನ ಕೈಗೆ.

ಆ ತೀರ್ಪಿಗೆ ಬರೋ ಮುಂಚೆ ಇನ್ನೊಂದು ಕಥೆ ಹೇಳಲೇಬೇಕು. ಯಾಕಂದ್ರೆ ಸರ್ಕಾರದ ಅಳಿವು ಉಳಿವು ಎಲ್ಲಿ ನಿರ್ಧಾರ ಆಗ್ಬೇಕು ಅನ್ನೋದನ್ನ ಇಡೀ ದೇಶಕ್ಕೆ ಕಲಿಸಿದ್ದು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್. ಬೊಮ್ಮಾಯಿ ಮುಖ್ಯಮಂತ್ರಿ. ಅವರ ಕಡೆಯ ಶಾಸಕರೊಬ್ಬರು 19 ಶಾಸಕರ ಬೆಂಬಲ ವಾಪಸಾತಿ ಪತ್ರಗಳನ್ನ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗೆ ಕೊಟ್ಟರು. ಅವರಲ್ಲಿ ಏಳು ಜನ ಮಾರನೇ ದಿನ "ನಮ್ಮನ್ನ ದಾರಿ ತಪ್ಪಿಸಿ ಸಹಿ ತಗೊಂಡ್ರು, ನಾವು ಬೊಮ್ಮಾಯಿ ಜೊತೆಗೇ ಇದ್ದೀವಿ" ಅಂದರು. ಬೊಮ್ಮಾಯಿ ಅಂಗಲಾಚಿದರು, ಸದನ ಕರೀರಿ, ಬಹುಮತ ಸಾಬೀತು ಮಾಡ್ತೀನಿ ಅಂತ. ಕೇಳಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ.

ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನೋದನ್ನ ಅಳೆಯೋ ಜಾಗ ರಾಜಭವನ ಅಲ್ಲ, ವಿಧಾನಸಭೆಯ ಒಳಗೆ. ಐದು ವರ್ಷ ತಡವಾಗಿ ಬಂದ ನ್ಯಾಯ. ಬೊಮ್ಮಾಯಿಯವರಿಗೆ ಹೋದ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಆಮೇಲೆ ರಾಜ್ಯ ಸರ್ಕಾರಗಳನ್ನ ಮನಸ್ಸಿಗೆ ಬಂದ ಹಾಗೆ ಕಿತ್ತು ಹಾಕೋ ಚಾಳಿಗೆ ಕಡಿವಾಣ ಬಿತ್ತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸೋಕೆ ರಾಜ್ಯಪಾಲರು 15 ದಿನ ಕೊಟ್ಟಾಗ, ಅಷ್ಟೆಲ್ಲ ಬೇಡ, ಮೇ 19ಕ್ಕೇ ಸದನದಲ್ಲಿ ತೋರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದರ ಹಿಂದೆ ಇದೇ ತತ್ವ ಇತ್ತು. ಮತ ಎಣಿಕೆಗೆ ಮುಂಚೆಯೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಅಂದ್ರೆ ನೋಡಿ, ಕಾನೂನು ತನ್ನ ಕೈಲಾದಷ್ಟು ಮಾಡಿದೆ. ಸಂಸತ್ತು ಎರಡು ಸಲ ಬೇಲಿ ಹಾಕಿದೆ. ಕೋರ್ಟು ರಾಜಭವನದ ಬಾಗಿಲಿಗೆ ಚಿಲಕ ಹಾಕಿದೆ. ಉಳಿದ ಬಾಗಿಲು ಒಂದೇ, ಉಪಚುನಾವಣೆ. ಅದರ ಬೀಗದ ಕೈ ನಮ್ಮ ಹತ್ತಿರ ಇತ್ತು. 2019ರ ಡಿಸೆಂಬರ್ 5ರಂದು 15 ಕ್ಷೇತ್ರಕ್ಕೆ ಮತದಾನ. ಅನರ್ಹರಾದವರಲ್ಲಿ 13 ಜನ ಬಿಜೆಪಿ ಟಿಕೆಟ್ಟಿನಲ್ಲಿ ನಿಂತರು. ಎಷ್ಟು ಜನ ಗೆದ್ದರು ಗೊತ್ತಾ? 11.

ಇದನ್ನ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತೆ. ಮತದಾರನನ್ನ ಬಯ್ಯೋದು ನನ್ನ ಕೆಲಸ ಅಲ್ಲ. ಅವರವರ ಊರಿನ ಕಾರಣ ಅವರಿಗೆ ಗೊತ್ತು. ಕೆರೆಗೆ ನೀರು ಬರುತ್ತೆ ಅಂದಿರಬಹುದು, ಮಂತ್ರಿ ಆಗ್ತಾನೆ, ಊರಿಗೆ ಒಳ್ಳೇದು ಅಂದಿರಬಹುದು, ಮೈತ್ರಿ ಸರ್ಕಾರದ ಜಗಳ ನೋಡಿ ಸಾಕಾಗಿರಬಹುದು. ಇವೆಲ್ಲ ಕಾರಣಗಳೇ ಅಲ್ಲ ಅಂತ ನಾನು ಹೇಳಲ್ಲ. ಆದರೆ ಒಂದು ಮಾತು ಒಪ್ಕೊಳ್ಳೋಣ. "ನಮ್ಮ ವೋಟನ್ನ ಮಾರ್ಕೊಂಡ್ರು" ಅಂತ ಜುಲೈನಲ್ಲಿ ಬಯ್ದವರು, ಡಿಸೆಂಬರಿನಲ್ಲಿ ಅದೇ ವ್ಯವಹಾರಕ್ಕೆ ರಸೀತಿ ಬರೆದುಕೊಟ್ಟ ಹಾಗಾಯ್ತು. ಹುಣಸೂರಿನಲ್ಲಿ, ಹೊಸಕೋಟೆಯಲ್ಲಿ ಜನ ಇಲ್ಲ ಅಂದರು. ಉಳಿದ ಕಡೆ ಹೂಂ ಅಂದರು. ಮುಂದೆ ಪಕ್ಷ ಬಿಡೋಕೆ ಯೋಚಿಸೋ ಶಾಸಕ ಸಂವಿಧಾನದ ಹತ್ತನೇ ಅನುಸೂಚಿ ಓದಲ್ಲ ಸ್ವಾಮಿ, ಈ ಫಲಿತಾಂಶ ಓದ್ತಾನೆ.

ನನ್ನ ಪಾಲಿನ ತಪ್ಪನ್ನೂ ಹೇಳ್ಬಿಡ್ತೀನಿ. ರೆಸಾರ್ಟಿನ ಗೇಟಿನ ಮುಂದೆ ಕ್ಯಾಮೆರಾ ಇಟ್ಟು ಯಾವ ಬಸ್ಸು ಒಳಗೆ ಹೋಯ್ತು, ತಿಂಡಿಗೆ ಏನಿತ್ತು ಅಂತ ತೋರಿಸಿದವರು ನಾವು. ಶಾಸಕರನ್ನ ಕುರಿಮಂದೆ ಥರ ಕೂಡಿ ಹಾಕಿರೋದನ್ನ ಕ್ರಿಕೆಟ್ ಮ್ಯಾಚ್ ಥರ ತೋರಿಸಿದ್ವಿ. 'ಮ್ಯಾಜಿಕ್ ನಂಬರ್' ಅಂತ ದಿನಕ್ಕೆ ನೂರು ಸಲ ಅಂದೆ. ಒಂದು ಸಲವಾದರೂ ಆ ಕ್ಷೇತ್ರಗಳಿಗೆ ಕ್ಯಾಮೆರಾ ಕಳಿಸಿ, ಇವರಿಗೆ ವೋಟು ಹಾಕಿದವರು ಏನಂತಾರೆ ಅಂತ ಕೂತು ಕೇಳಲಿಲ್ಲ. ಒಬ್ಬರು ತಾವಾಗಿ ಫೋನ್ ಮಾಡಿ ಕೇಳಿದಾಗ ಬ್ರೇಕ್ ತಗೊಂಡೆ.

ಹಾಗಾದ್ರೆ ಏನು ಮಾಡೋದು? ಗೆಲ್ಲಿಸಿದ ಶಾಸಕರನ್ನ ವಾಪಸ್ ಕರೆಸಿಕೊಳ್ಳೋ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ. 'ನೋಟಾ' ಒತ್ತಬಹುದು, ಅದು 2013ರಲ್ಲಿ ಬಂತು. ಆದರೆ ವಿಧಾನಸಭಾ ಚುನಾವಣೆಯಲ್ಲಿ ನೋಟಾಗೇ ಎಲ್ಲರಿಗಿಂತ ಜಾಸ್ತಿ ವೋಟು ಬಿದ್ದರೂ, ಅಭ್ಯರ್ಥಿಗಳ ಪೈಕಿ ಮುಂದಿರೋನೇ ಗೆಲ್ತಾನೆ. ಹಾಗಾಗಿ ಉಳಿಯೋದು ಪ್ರಶ್ನೆ. ವೋಟು ಕೇಳೋಕೆ ಬಂದವನನ್ನ ಅಂಗಳದಲ್ಲೇ ನಿಲ್ಲಿಸಿ ಕೇಳಿ. ಈ ಚಿಹ್ನೆ ಮೇಲೆ ಗೆದ್ದು ಆ ಕಡೆ ಹೋಗ್ತೀಯಾ? ಹೋಗೋದಾದ್ರೆ ನಮ್ಮನ್ನ ಕೇಳ್ತೀಯಾ? ಹಿಂದೆ ಹೋಗಿದ್ದೆಯಲ್ಲ, ಯಾಕೆ ಹೋದೆ? ನಾಲ್ಕು ಜನರ ಎದುರು ಹೇಳಿಸಿ. ಕಾನೂನಿನಲ್ಲಿ ಆ ಮಾತಿಗೆ ಬೆಲೆ ಇಲ್ಲದೇ ಇರಬಹುದು, ಊರಿನಲ್ಲಿ ಇರುತ್ತೆ. ಪಕ್ಷ ಬಿಟ್ಟು ಬಂದವನಿಗೆ ಒಂದು ಸಲ ಸೋಲಿನ ರುಚಿ ತೋರಿಸಿದ ಕ್ಷೇತ್ರದಲ್ಲಿ ಮುಂದಿನವನು ಹೆಜ್ಜೆ ಎತ್ತೋ ಮುಂಚೆ ಹತ್ತು ಸಲ ಯೋಚನೆ ಮಾಡ್ತಾನೆ.

ಯಜಮಾನ್ರೇ, ನೀವು ಎಲ್ಲಿದ್ದೀರೋ ಗೊತ್ತಿಲ್ಲ. ನಿಮ್ಮ ಊರಿನ ಹೆಸರನ್ನೂ ಸರಿಯಾಗಿ ಬರ್ಕೊಳ್ಳಲಿಲ್ಲ ನಾನು. ನಿಮ್ಮ ವೋಟು ಎಲ್ಲಿಗೆ ಹೋಯ್ತು ಅಂತ ಕೇಳಿದ್ರಿ. ಅದು ನಿಮ್ಮ ಶಾಸಕರ ಜೇಬಿನಲ್ಲಿ ಕೂತು ಮುಂಬೈಗೆ ಹೋಯ್ತು. ಅಲ್ಲಿಂದ ರಾಜೀನಾಮೆ ಪತ್ರದ ಜೊತೆ ಸ್ಪೀಕರ್ ಮೇಜಿಗೆ ಬಂತು, ಸುಪ್ರೀಂ ಕೋರ್ಟಿಗೆ ಹೋಯ್ತು, ಕೋರ್ಟು ಅದನ್ನ ವಾಪಸ್ ನಿಮ್ಮ ಊರಿನ ಶಾಲೆಯ ಬೂತಿಗೇ ಕಳಿಸಿತು. ಡಿಸೆಂಬರಿನಲ್ಲಿ ನೀವು ಮತ್ತೆ ಹೋಗಿ ಬಟನ್ ಒತ್ತಿರ್ತೀರಿ, ತಪ್ಪಿಸೋರಲ್ಲ ನೀವು. ಯಾವುದಕ್ಕೆ ಒತ್ತಿದ್ರಿ ಅಂತ ಕೇಳೋ ಹಕ್ಕು ನನಗಿಲ್ಲ, ಅದು ಗುಟ್ಟು. ಒತ್ತೋ ಮುಂಚೆ ಜುಲೈನಲ್ಲಿ ನನಗೆ ಕೇಳಿದ ಪ್ರಶ್ನೆಯನ್ನ ಅವರಿಗೂ ಕೇಳಿದ್ರಾ ಅಂತ ಮಾತ್ರ ತಿಳ್ಕೊಳ್ಳೋ ಆಸೆ ಇದೆ. ಮತ್ತೊಂದು ಸಲ ಫೋನ್ ಮಾಡಿ. ಈ ಸಲ ಬ್ರೇಕ್ ತಗೊಳ್ಳಲ್ಲ.